ಒಂದೇ ವಿಧಿ, ಊರಿಗೊಂದು ಮೌಲ್ಯ

ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ, ಭದ್ರಾನದಿಯ ದಂಡೆಯ ಮೇಲೆ, ಮೈಸೂರು ಸಂಸ್ಥಾನವು ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಿ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದಾಗ, ಅಲ್ಲಿಯ ಊದುಕುಲುಮೆಯೊಳಗೆ ನಡೆದ ಕ್ರಿಯೆಯು ಜಮ್ಷೆಡ್‌ಪುರದಲ್ಲಿ ನಡೆಯುತ್ತಿದ್ದ ಕ್ರಿಯೆಗಿಂತ ಮೂಲತಃ ಬೇರೆಯಾಗಿರಲಿಲ್ಲ. ಅದಿರಿನಲ್ಲಿ ಸೇರಿಕೊಂಡಿರುವ ಆಮ್ಲಜನಕವನ್ನು ಇಂಗಾಲವು ಸೆಳೆದುಕೊಂಡು ಲೋಹವನ್ನು ಬಿಡುಗಡೆ ಮಾಡಬೇಕು. ಸುಣ್ಣಕಲ್ಲು ಕಶ್ಮಲವನ್ನು ಹೀರಿಕೊಂಡು ಕಿಟ್ಟವಾಗಿ ಹೊರಬರಬೇಕು. ಈ ವಿಧಿ ಎಲ್ಲಿಯೂ ಒಂದೇ. ಬೇರೆಯಾಗಿದ್ದುದು ಇಂಧನ. ಸಂಸ್ಥಾನದಲ್ಲಿ ಕಲ್ಲಿದ್ದಲಿನ ಗಣಿ ಇರಲಿಲ್ಲ, ಮಲೆನಾಡಿನಲ್ಲಿ ಕಾಡು ಸಮೃದ್ಧವಾಗಿತ್ತು. ಆದುದರಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಮರದ ಇದ್ದಿಲಿನಿಂದ ಕರಗಿಸತಕ್ಕದ್ದೆಂದು ನಿಶ್ಚಯವಾಯಿತು. ಮುಂದೆ ಜೋಗದ ವಿದ್ಯುತ್ತು ಲಭ್ಯವಾದ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳೂ ಬಂದವು. ಲೋಹಶಾಸ್ತ್ರವನ್ನು ಯಾರೂ ಹೊಸದಾಗಿ ಬರೆಯಲಿಲ್ಲ; ಸ್ಥಳಕ್ಕೆ ಉಚಿತವಾದ ಒಂದು ಅಂಶವನ್ನು ಮಾತ್ರ ಬದಲಿಸಿದರು.

ಸರ್ವಸಾಮಾನ್ಯವಾದ ವಿಧಿಯನ್ನೂ ಸ್ಥಳವಿಶೇಷವಾದ ಮೌಲ್ಯವನ್ನೂ ಹೀಗೆ ಬೇರ್ಪಡಿಸಿ ನೋಡುವ ವಿವೇಕವು ಇಂದು ಕಂಪ್ಯೂಟರುಗಳ ಪಾಲನೆಯಲ್ಲಿ ನಿತ್ಯದ ಅವಶ್ಯಕತೆಯಾಗಿದೆ. ಕರ್ನಾಟಕದವರಿಗೆ ಇದು ಅಪರಿಚಿತವಾದ ಸಮಸ್ಯೆಯಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಪಹಣಿಗಳನ್ನು ಗಣಕೀಕರಿಸಿದಾಗ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ಒಂದೇ ತಂತ್ರಾಂಶವು 170ಕ್ಕೂ ಹೆಚ್ಚು ತಾಲ್ಲೂಕು ಕಚೇರಿಗಳಲ್ಲಿ ಬೇರೆ ಬೇರೆ ಸರ್ವರುಗಳ ಮೇಲೆ ನೆಲೆಗೊಂಡಿತು. 15 ರೂಪಾಯಿ ತೆತ್ತು ಪಹಣಿಯ ಪ್ರತಿಯನ್ನು ಪಡೆದ ರೈತನಿಗೆ ಶಿವಮೊಗ್ಗದಲ್ಲಿಯೂ ಭದ್ರಾವತಿಯಲ್ಲಿಯೂ ದೊರೆತ ಕಾಗದದ ಆಕಾರವೊಂದೇ. ಆದರೆ ಹೋಬಳಿಗಳು, ಗ್ರಾಮಗಳು, ಸರ್ವೆ ನಂಬರುಗಳು ಆಯಾ ತಾಲ್ಲೂಕಿನವು. ಇಂತಹ ವ್ಯವಸ್ಥೆಯಲ್ಲಿ ಸರ್ವರುಗಳು ಎರಡೋ ಮೂರೋ ಆಗಿದ್ದರೆ, ಅವನ್ನು ನೋಡಿಕೊಳ್ಳುವಾತನು ಒಂದೊಂದರ ಮುಂದೆಯೂ ಕುಳಿತು ಕೈಯಿಂದಲೇ ಎಲ್ಲವನ್ನೂ ಸರಿಪಡಿಸಬಲ್ಲನು. ನೂರಾದರೆ ಅದು ಅಸಾಧ್ಯ. ಅಸಾಧ್ಯವೆಂಬುದಕ್ಕಿಂತ ಅಪಾಯಕರವೆನ್ನುವುದೇ ಸರಿ, ಏಕೆಂದರೆ ಆಯಾಸಗೊಂಡ ಕೈ ನಲವತ್ತನೆಯ ಯಂತ್ರದಲ್ಲಿ ಮಾಡಿದ ಲೋಪವು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುವುದುಂಟು.

ಈ ಕಾರ್ಯವನ್ನು ಸ್ವಯಂಚಾಲಿತವಾಗಿ ನಡೆಸುವ ಸಾಧನಗಳಲ್ಲಿ ಬಹುಪ್ರಸಿದ್ಧವಾದುದು ಆನ್ಸಿಬಲ್. ಮೈಕೆಲ್ ಡಿಹಾನ್ ಎಂಬ ಅಮೆರಿಕನ್ ತಂತ್ರಜ್ಞನು 2012ರಲ್ಲಿ ಇದನ್ನು ಬಿಡುಗಡೆ ಮಾಡಿದನು. 2015ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಇದನ್ನು ತನ್ನದಾಗಿಸಿಕೊಂಡಿತು. ಮೂಲ ತಂತ್ರಾಂಶವು ಇಂದಿಗೂ ಮುಕ್ತವಾಗಿ, ಉಚಿತವಾಗಿ ದೊರೆಯುತ್ತದೆ. ದೂರದ ಯಂತ್ರದಲ್ಲಿ ಇದಕ್ಕಾಗಿ ಪ್ರತ್ಯೇಕ ಕಾರ್ಯಕರ್ತ ತಂತ್ರಾಂಶವನ್ನು ಸ್ಥಾಪಿಸಬೇಕಾಗಿಲ್ಲ. ಲಿನಕ್ಸ್ ಸರ್ವರುಗಳಾದರೆ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕವೂ ಪೈಥಾನ್ ಭಾಷೆಯೂ ಇದ್ದರೆ ಸಾಕು. ಮಾಡಬೇಕಾದ ಕಾರ್ಯಗಳ ಕ್ರಮವನ್ನು ‘ಪ್ಲೇಬುಕ್’ ಎಂಬ ಕಡತದಲ್ಲಿಯೂ, ಯಾವ ಯಾವ ಯಂತ್ರಗಳ ಮೇಲೆ ಮಾಡಬೇಕೆಂಬ ಪಟ್ಟಿಯನ್ನು ‘ಇನ್ವೆಂಟರಿ’ ಎಂಬ ಕಡತದಲ್ಲಿಯೂ ಬರೆಯುತ್ತಾರೆ. ಆ ಪಟ್ಟಿಯ ಒಂದೊಂದು ಯಂತ್ರವೂ ಒಂದು ಹೋಸ್ಟ್. ಆ ಯಂತ್ರಕ್ಕೆ ಮಾತ್ರ ಸೇರಿದ ಮೌಲ್ಯಗಳೇ ಹೋಸ್ಟ್ ವೇರಿಯಬಲ್‌ಗಳು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕು ಕೇಂದ್ರಗಳಲ್ಲಿಯೂ ಶಾಖೆಗಳುಳ್ಳ ಒಂದು ಗ್ರಂಥಾಲಯ ಸಂಘವಿದೆಯೆಂದೂ, ಪ್ರತಿ ಶಾಖೆಯಲ್ಲಿಯೂ ಒಂದೊಂದು ಸರ್ವರ್ ಇದೆಯೆಂದೂ ಭಾವಿಸಿಕೊಳ್ಳಿ. ಓದುಗರ ಕಣ್ಣೆದುರಿಗೆ ಬರುವ ಪುಟದಲ್ಲಿ ಶಾಖೆಯ ಹೆಸರು, ಪಿನ್‌ಕೋಡು, ದೂರವಾಣಿಯ ಎಸ್‌ಟಿಡಿ ಸಂಕೇತ ಇಷ್ಟು ಕಾಣಿಸಬೇಕು. ಇದಕ್ಕಾಗಿ ಏಳು ಪುಟಗಳನ್ನು ಬರೆಯತಕ್ಕದ್ದಿಲ್ಲ. ಒಂದೇ ಮಾದರಿಪುಟವನ್ನು ಬರೆದು, ಮೌಲ್ಯ ಬರಬೇಕಾದೆಡೆಯಲ್ಲಿ ವೇರಿಯಬಲ್‌ನ ಹೆಸರನ್ನು ಜೋಡಿ ಪುಷ್ಪಾವರಣದೊಳಗಿರಿಸಿದರೆ ಸಾಕು. ಅನಂತರ ‘ಹೋಸ್ಟ್_ವಾರ್ಸ್’ ಎಂಬ ಫೋಲ್ಡರಿನಲ್ಲಿ ಭದ್ರಾವತಿಯ ಸರ್ವರಿನ ಹೆಸರಿನದೇ ಒಂದು ಕಡತವನ್ನಿಟ್ಟು, ಅದರಲ್ಲಿ ಹೀಗೆ ಬರೆಯಬೇಕು:

ಊರು: "ಭದ್ರಾವತಿ"
ಪಿನ್_ಕೋಡ್: "577301"
ಎಸ್‌ಟಿಡಿ: "08282"

ಶಿವಮೊಗ್ಗದ ಕಡತದಲ್ಲಿ ಇದೇ ಮೂರು ಸಾಲುಗಳು. ಊರಿನ ಹೆಸರು ಬೇರೆ, ಪಿನ್‌ಕೋಡು 577201, ಸಂಕೇತ 08182. ಎಡಬದಿಯ ಹೆಸರುಗಳನ್ನು ಇಲ್ಲಿ ಓದುವ ಸೌಕರ್ಯಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ; ನಿಜವಾದ ಕಡತದಲ್ಲಿ ಅವು ರೋಮನ್ ಅಕ್ಷರ, ಅಂಕಿ, ಅಡಿಗೆರೆ ಇವುಗಳಿಂದ ಮಾತ್ರ ಕೂಡಿರಬೇಕು. ಬಲಬದಿಯ ಮೌಲ್ಯವಾದರೋ ಕನ್ನಡದಲ್ಲಿಯೇ ಇರಬಹುದು. ಸಂಕೇತವನ್ನು ಉದ್ಧರಣ ಚಿಹ್ನೆಯೊಳಗೆ ಇರಿಸಿರುವುದು ಅಲಂಕಾರಕ್ಕಾಗಿ ಅಲ್ಲ. ಈ ಕಡತಗಳ ಭಾಷೆಯಾದ ಯಾಮಲ್, ಸೊನ್ನೆಯಿಂದ ಆರಂಭವಾಗಿ ಏಳರೊಳಗಿನ ಅಂಕಿಗಳನ್ನಷ್ಟೇ ಹೊಂದಿರುವ ಸಂಖ್ಯೆಯನ್ನು ಅಷ್ಟಮಾನ ಪದ್ಧತಿಯದೆಂದು ಗ್ರಹಿಸುವುದರಿಂದ, ಚಿಹ್ನೆಯಿಲ್ಲದೆ ಬರೆದ ದೆಹಲಿಯ 011 ಎಂಬ ಸಂಕೇತವು ಓದಿದೊಡನೆ 9 ಆಗಿಬಿಡುತ್ತದೆ. ನಮ್ಮ ಜಿಲ್ಲೆಯ ಸಂಕೇತಗಳು ಎಂಟನ್ನು ಒಳಗೊಂಡಿರುವ ಕಾರಣದಿಂದ ಪಾರಾಗುತ್ತವೆಯಾದರೂ, ಕೂಡುವುದಕ್ಕೂ ಕಳೆಯುವುದಕ್ಕೂ ಬಾರದ ಅಂಕಿಗಳನ್ನು ಪಠ್ಯವೆಂದೇ ಬರೆಯುವ ಅಭ್ಯಾಸ ಕ್ಷೇಮಕರ.

ಏಳು ಶಾಖೆಗಳಿಗೂ ಸಮಾನವಾದ ಮೌಲ್ಯಗಳೂ ಇರುತ್ತವೆ: ಜಿಲ್ಲೆಯ ಹೆಸರು, ಸಂಘದ ಮಿಂಚಂಚೆ ವಿಳಾಸ, ಗಡಿಯಾರವನ್ನು ಸರಿಹೊಂದಿಸಿಕೊಳ್ಳುವ ಸಮಯ ಸರ್ವರಿನ ವಿಳಾಸ. ಇವನ್ನು ಏಳು ಕಡತಗಳಲ್ಲಿ ಪುನರುಕ್ತಿ ಮಾಡದೆ, ಸರ್ವರುಗಳನ್ನೆಲ್ಲ ಒಂದು ಗುಂಪಾಗಿ ಸೇರಿಸಿ, ‘ಗ್ರೂಪ್_ವಾರ್ಸ್’ ಎಂಬ ಇನ್ನೊಂದು ಫೋಲ್ಡರಿನಲ್ಲಿ ಆ ಗುಂಪಿನ ಹೆಸರಿನ ಕಡತದಲ್ಲಿ ಒಮ್ಮೆ ಬರೆದರೆ ಸಾಕಾಗುತ್ತದೆ. ಗುಂಪಿನಲ್ಲಿ ಒಂದು ಮೌಲ್ಯವೂ ಹೋಸ್ಟಿನಲ್ಲಿ ಇನ್ನೊಂದು ಮೌಲ್ಯವೂ ಇದ್ದರೆ ಹೋಸ್ಟಿನದೇ ಪ್ರಬಲ. ವಿಶೇಷವು ಸಾಮಾನ್ಯವನ್ನು ಬಾಧಿಸುತ್ತದೆಂಬ ನಮ್ಮ ಶಾಸ್ತ್ರಕಾರರ ನ್ಯಾಯವೇ ಇಲ್ಲಿಯೂ ನಡೆಯುತ್ತದೆ. ಒಂದೇ ಯಂತ್ರವು ಸಮಾನ ಅಂತಸ್ತಿನ ಎರಡು ಗುಂಪುಗಳಿಗೆ ಸೇರಿದ್ದರೆ, ರೋಮನ್ ವರ್ಣಾನುಕ್ರಮದಲ್ಲಿ ಕೊನೆಗೆ ಬರುವ ಗುಂಪಿನ ಮೌಲ್ಯವು ಉಳಿಯುತ್ತದೆ. ಪ್ಲೇಬುಕ್ಕಿನಲ್ಲಿಯೇ ಬರೆದ ಮೌಲ್ಯಗಳು ಹೋಸ್ಟಿನವನ್ನೂ ಮೀರುತ್ತವೆ, ಆದೇಶದ ಸಾಲಿನಲ್ಲಿ ಕೊಟ್ಟ ಮೌಲ್ಯವು ಎಲ್ಲವನ್ನೂ ಮೀರುತ್ತದೆ. ಈ ಪ್ರಾಬಲ್ಯದ ಶ್ರೇಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅವೆಲ್ಲವನ್ನೂ ಕಂಠಪಾಠ ಮಾಡುವ ಶ್ರಮಕ್ಕಿಂತ, ಒಂದು ಮೌಲ್ಯವನ್ನು ಒಂದೇ ಕಡೆ ಬರೆಯುವ ವ್ರತವನ್ನು ಪಾಲಿಸುವುದು ಶ್ರೇಯಸ್ಕರವೆಂದು ನನ್ನ ದೃಢವಾದ ಅಭಿಪ್ರಾಯ.

ಈ ವ್ರತಕ್ಕೆ ಭಂಗ ಬರುವುದು ಸಾಮಾನ್ಯವಾಗಿ ಅವಸರದಿಂದ. ಭದ್ರಾವತಿಯ ಸರ್ವರಿನಲ್ಲಿ ಒಂದು ಸಂಖ್ಯೆ ಬೇರೆಯಾಗಿರಬೇಕಾದಾಗ, ಹೋಸ್ಟಿನ ಕಡತವನ್ನು ತೆರೆಯುವ ಬದಲು, ‘ಯಂತ್ರದ ಹೆಸರು ಭದ್ರಾವತಿಯಾಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು’ ಎಂದು ಪ್ಲೇಬುಕ್ಕಿನೊಳಗೇ ಒಂದು ಷರತ್ತನ್ನು ತುರುಕುತ್ತಾರೆ. ಮೊದಲನೆಯದು ಹಾನಿಯೆನಿಸುವುದಿಲ್ಲ. ಅದನ್ನು ನೋಡಿ ಸಾಗರಕ್ಕೊಂದು, ಸೊರಬಕ್ಕೊಂದು, ತೀರ್ಥಹಳ್ಳಿಗೊಂದು ಸೇರುತ್ತವೆ. ಕೆಲವು ವರ್ಷಗಳಲ್ಲಿ ಆ ಪ್ಲೇಬುಕ್ಕು ಅಪವಾದಗಳ ಕಾಡಾಗಿ, ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು ಅದನ್ನು ಓದಿ ಯಾವ ಯಂತ್ರದಲ್ಲಿ ಏನು ನಡೆಯುವುದೆಂದು ತಿಳಿಯಲಾರದೆ ಕಂಗೆಡುತ್ತಾಳೆ. ವಿಧಿಯೊಳಗೆ ಊರಿನ ಹೆಸರು ಬರಲೇಕೂಡದು. ಊರಿನ ಹೆಸರಿಗೆ ಸ್ಥಾನವಿರುವುದು ಇನ್ವೆಂಟರಿಯಲ್ಲಿಯೂ ಹೋಸ್ಟಿನ ಕಡತದಲ್ಲಿಯೂ ಮಾತ್ರ.

ಕಡತದ ಹೆಸರಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ವಿಶೇಷವಾಗಿ ಜಾಗರೂಕರಾಗಿರಬೇಕು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಶಿವಮೊಗ್ಗವೆಂಬ ರೂಪವೇ ಅಧಿಕೃತವಾಯಿತಷ್ಟೆ. ಆದರೂ ಶಿಮೊಗ ಎಂಬ ಹಿಂದಿನ ಕಾಗುಣಿತವು ಹಳೆಯ ದಾಖಲೆಗಳಲ್ಲಿಯೂ ಕೈಗಳ ರೂಢಿಯಲ್ಲಿಯೂ ಉಳಿದಿದೆ. ಭದ್ರಾವತಿಯ ಕೊನೆಯ ಅಕ್ಷರವನ್ನು ಕೆಲವರು ‘ಟಿಐ’ ಎಂದೂ ಕೆಲವರು ‘ಟಿಎಚ್‌ಐ’ ಎಂದೂ ಬರೆಯುತ್ತಾರೆ. ಇನ್ವೆಂಟರಿಯಲ್ಲಿ ಒಂದು ರೂಪವೂ ಹೋಸ್ಟಿನ ಕಡತಕ್ಕೆ ಇನ್ನೊಂದು ರೂಪವೂ ಇದ್ದರೆ ಆನ್ಸಿಬಲ್ ದೋಷವನ್ನು ವರದಿ ಮಾಡುವುದಿಲ್ಲ. ಅಂತಹ ಹೆಸರಿನ ಯಂತ್ರ ತನ್ನ ಪಟ್ಟಿಯಲ್ಲಿ ಇಲ್ಲವಾದ್ದರಿಂದ ಆ ಕಡತವನ್ನು ಓದದೆಯೇ ಮುಂದೆ ಸಾಗುತ್ತದೆ. ಆಗ ಗುಂಪಿನ ಸಾಮಾನ್ಯ ಮೌಲ್ಯವು ಆ ಯಂತ್ರಕ್ಕೆ ಹೋಗಿ ಸೇರುತ್ತದೆ, ಎಲ್ಲವೂ ಸರಿಯಾಗಿ ನಡೆಯಿತೆಂಬ ವರದಿ ಪರದೆಯ ಮೇಲೆ ಮೂಡುತ್ತದೆ. ಯಂತ್ರವು ಮುಗ್ಗರಿಸಿ ನಿಂತರೆ ಮನುಷ್ಯನು ಎಚ್ಚರಗೊಳ್ಳುತ್ತಾನೆ. ಸದ್ದಿಲ್ಲದೆ ತಪ್ಪು ಮೌಲ್ಯವನ್ನು ಹೊತ್ತು ನಡೆದರೆ ಅದನ್ನು ಪತ್ತೆಹಚ್ಚುವುದು ದುಸ್ಸಾಧ್ಯ.

ಇನ್ವೆಂಟರಿಯ ಸಾಲಿನಲ್ಲಿಯೇ ಹೋಸ್ಟಿನ ಹೆಸರಿನ ಮುಂದೆ ಮೌಲ್ಯವನ್ನು ಬರೆಯುವ ಸೌಲಭ್ಯವೂ ಉಂಟು. ಯಂತ್ರದ ಜಾಲವಿಳಾಸ, ಸಂಪರ್ಕದ ಬಳಕೆದಾರ ಇಂತಹ ಒಂದೆರಡಕ್ಕೆ ಅದು ಅನುಕೂಲವೇ. ಆದರೆ ಐಎನ್‌ಐ ಮಾದರಿಯ ಇನ್ವೆಂಟರಿಯಲ್ಲಿ ಒಂದು ಸೂಕ್ಷ್ಮವಿದೆ: ಹೋಸ್ಟಿನ ಸಾಲಿನಲ್ಲಿ ‘ಫಾಲ್ಸ್’ ಎಂದು ಬರೆದರೆ ಅದು ನಿಜವಾಗಿಯೂ ಇಲ್ಲವೆಂಬ ಅರ್ಥದ ಮೌಲ್ಯವಾಗುತ್ತದೆ, ಅದೇ ಪದವನ್ನು ಗುಂಪಿನ ವಿಭಾಗದಲ್ಲಿ ಬರೆದರೆ ಬರಿಯ ಅಕ್ಷರಗಳ ಸಾಲಾಗಿ ಉಳಿಯುತ್ತದೆ. ಈ ಗೊಂದಲವನ್ನು ತಪ್ಪಿಸುವುದಕ್ಕಾಗಿಯೇ ಪ್ರತ್ಯೇಕ ಕಡತವು ಮೇಲು. ಪಾಸ್‌ವರ್ಡುಗಳ ವಿಷಯವಂತೂ ಹೇಳಲೇಬೇಕು. ಅವೂ ಹೋಸ್ಟ್ ವೇರಿಯಬಲ್‌ಗಳೇ, ಆದರೆ ತೆರೆದ ಅಕ್ಷರಗಳಲ್ಲಿ ಬರೆದಿಡತಕ್ಕವಲ್ಲ. ‘ವಾಲ್ಟ್’ ಎಂಬ ಅಂಗವು ಅಂತಹ ಕಡತವನ್ನು ಗೂಢಲಿಪಿಯಾಗಿ ಪರಿವರ್ತಿಸಿ, ಕೀಲಿಪದವನ್ನು ಬಲ್ಲವರಿಗೆ ಮಾತ್ರ ಅದನ್ನು ತೆರೆದು ತೋರಿಸುತ್ತದೆ.

ಶಿವಮೊಗ್ಗ, ಭದ್ರಾವತಿಗಳ ಕಾಲೇಜುಗಳಲ್ಲಿಯೂ ಸಹಕಾರಿ ಬ್ಯಾಂಕುಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಸರ್ವರುಗಳನ್ನು ನೋಡಿಕೊಳ್ಳುತ್ತಿರುವ ತರುಣರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಯಂತ್ರಗಳ ವಿಶೇಷಗಳು ಇಂದು ನಿಮ್ಮ ನೆನಪಿನಲ್ಲಿವೆ; ನೀವು ವರ್ಗವಾಗಿ ಹೋದ ದಿನ ಅವು ನಿಮ್ಮೊಡನೆಯೇ ಹೋಗುತ್ತವೆ. ಅವನ್ನು ಹೋಸ್ಟಿನ ಕಡತಗಳಲ್ಲಿ ಬರೆದಿಡಿ. ಪ್ರತಿ ಮೌಲ್ಯದ ಮೇಲೆ, ಅದು ಏಕೆ ಹಾಗಿದೆ ಎಂಬುದನ್ನು ಟಿಪ್ಪಣಿಯ ಒಂದು ಸಾಲಿನಲ್ಲಿ, ಸಾಧ್ಯವಾದರೆ ಕನ್ನಡದಲ್ಲಿಯೇ, ದಾಖಲಿಸಿ. ಯಾವ ಬದಲಾವಣೆಯನ್ನು ಮಾಡುವುದಕ್ಕೂ ಮುನ್ನ ‘ಆನ್ಸಿಬಲ್-ಇನ್ವೆಂಟರಿ’ ಆದೇಶಕ್ಕೆ ಹೋಸ್ಟಿನ ಹೆಸರನ್ನು ಕೊಟ್ಟು, ಇನ್ವೆಂಟರಿಯೂ ಈ ಕಡತಗಳೂ ಸೇರಿ ಆ ಯಂತ್ರಕ್ಕೆ ಯಾವ ಮೌಲ್ಯಗಳನ್ನು ಕೊಡುತ್ತಿವೆಯೆಂದು ಒಮ್ಮೆ ಓದಿ ನೋಡಿ.