ಕಿಶೋರ ಕಾದಂಬರಿ ಮತ್ತು ಓದುಗರ ಮಾತು: ಮಾದಾಪುರದ ನೆಲೆಯಿಂದ ಒಂದು ವಿವೇಚನೆ

೧

ಕನ್ನಡದಲ್ಲಿ ಮಕ್ಕಳ ಸಾಹಿತ್ಯಕ್ಕೆ ಗಟ್ಟಿಯಾದ ಪರಂಪರೆಯಿದೆ. ಪ್ರೌಢ ಓದುಗರ ಕಾದಂಬರಿಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಆದರೆ ಇವೆರಡರ ನಡುವಣ, ಸುಮಾರು ಹನ್ನೆರಡರಿಂದ ಹದಿನೆಂಟರವರೆಗಿನ ವಯಸ್ಸಿನವರಿಗೆ ಸಲ್ಲುವ ಕಾದಂಬರಿಗೆ ಎಲ್ಲರೂ ಒಪ್ಪಿದ ಹೆಸರೊಂದು ಇನ್ನೂ ನಿಂತಿಲ್ಲ. 'ಕಿಶೋರ ಕಾದಂಬರಿ', 'ಹದಿಹರೆಯದವರ ಕಾದಂಬರಿ', 'ದೊಡ್ಡ ಮಕ್ಕಳ ಕಾದಂಬರಿ' ಎಂಬ ಹೆಸರುಗಳು ಬಳಕೆಯಲ್ಲಿದ್ದರೂ ಪುಸ್ತಕದಂಗಡಿಯ ಕಪಾಟಿನಲ್ಲಾಗಲಿ ಸಾಹಿತ್ಯ ಚರಿತ್ರೆಯ ಪುಟಗಳಲ್ಲಾಗಲಿ ಈ ಪ್ರಕಾರಕ್ಕೆ ಖಚಿತವಾದ ಸ್ಥಾನ ದೊರೆತಿಲ್ಲ.

ಅಮೆರಿಕದಲ್ಲಿ ಈ ವಿಭಾಗವನ್ನು ಮೊದಲು ಗುರುತಿಸಿದವರು ಗ್ರಂಥಪಾಲಕರು. ಅಲ್ಲಿನ ಗ್ರಂಥಾಲಯ ಸಂಘವು ೧೯೫೭ರಲ್ಲಿಯೇ ಕಿಶೋರ ಓದುಗರಿಗಾಗಿ ಪ್ರತ್ಯೇಕ ವಿಭಾಗವನ್ನು ರೂಪಿಸಿತು. ಹತ್ತು ವರ್ಷಗಳ ತರುವಾಯ, ೧೯೬೭ರಲ್ಲಿ, ಎಸ್.ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್' ಪ್ರಕಟವಾಯಿತು. ಆಗ ಲೇಖಕಿಗೆ ಹದಿನೆಂಟು ವರ್ಷ. ತನ್ನ ವಯಸ್ಸಿನವರ ಬದುಕು ಕಾದಂಬರಿಗಳಲ್ಲಿ ಕಾಣುತ್ತಿಲ್ಲವೆಂಬ ಅತೃಪ್ತಿಯೇ ಅದರ ಹುಟ್ಟಿಗೆ ಕಾರಣ. ಅಂದರೆ, ಆ ಪ್ರಕಾರದ ಒಂದು ಮುಖ್ಯ ಕೃತಿಯು ಓದುಗಳೊಬ್ಬಳ ಅಭಿಪ್ರಾಯದಿಂದಲೇ ಮೂಡಿತು.

ಕನ್ನಡದ ಸಂದರ್ಭದಲ್ಲಿಯೂ ಈ ಪ್ರಕಾರದ ಮೇರೆಗಳನ್ನು ಲೇಖಕರಿಗಿಂತ ಹೆಚ್ಚಾಗಿ ಓದುಗರೇ ಹಾಕಿದ್ದಾರೆ. ಅದು ಹೇಗೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಮೊದಲ ಉದ್ದೇಶ. ಹೈದರಾಬಾದಿನ ಮಾದಾಪುರದಂತಹ ಹೊರನಾಡಿನ ನೆಲೆಯಲ್ಲಿ, ಓದುತ್ತಿರುವ ಕಾದಂಬರಿಯನ್ನು ಕುರಿತು ಆಡುವ ಮಾತಿಗೆ ಬೇರೊಂದು ಮಹತ್ತ್ವ ಒದಗುತ್ತದೆಂಬುದನ್ನು ತೋರಿಸುವುದು ಎರಡನೆಯ ಉದ್ದೇಶ.

೨

ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರೆಂಬುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಅಂತಹ ಪುಸ್ತಕವೊಂದು ಮನೆಗೆ ಬಂದರೆ ಅದು ಒಬ್ಬರ ಸೊತ್ತಾಗಿ ಉಳಿಯುತ್ತಿರಲಿಲ್ಲ. ಒಬ್ಬರು ಓದುವುದು, ಉಳಿದವರು ಕೇಳುವುದು, ನಡುನಡುವೆ ನಿಲ್ಲಿಸಿ ಮಾತಾಡುವುದು ಅಂದಿನ ವಾಚನದ ಸಾಮಾನ್ಯ ಕ್ರಮವಾಗಿತ್ತು. ಹಳ್ಳಿಯ ಗುಡಿಯಲ್ಲಿ ಕಾವ್ಯವನ್ನು ಓದಿ ಅರ್ಥ ಹೇಳುತ್ತಿದ್ದ ಗಮಕ ಸಂಪ್ರದಾಯದ ನೆರಳು ಇದರ ಮೇಲಿದ್ದಿತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪಟ್ಟಣಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳು ದಿನಬಾಡಿಗೆಗೆ ಕಾದಂಬರಿಗಳನ್ನು ಕೊಡತೊಡಗಿದವು. ತ್ರಿವೇಣಿಯವರ (೧೯೨೮-೧೯೬೩) 'ಬೆಕ್ಕಿನ ಕಣ್ಣು', 'ಶರಪಂಜರ'ದಂತಹ ಕೃತಿಗಳು ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿನಿಯರ ಕೈಯಿಂದ ಕೈಗೆ ಸಾಗಿದವು. ಇವು ಕಿಶೋರಿಯರಿಗೆಂದು ಬರೆದ ಕಾದಂಬರಿಗಳಲ್ಲ. ಮನಸ್ಸಿನ ಒಳತೋಟಿಯನ್ನು ಹೆಸರಿಟ್ಟು ಕರೆಯುವ ಭಾಷೆಯನ್ನು ಅವು ಕೊಟ್ಟವು. ಆ ಭಾಷೆಯ ಅಗತ್ಯ ಆ ವಯಸ್ಸಿನವರಿಗೆ ಹೆಚ್ಚಾಗಿತ್ತು. 'ಸುಧಾ', 'ತರಂಗ'ದಂತಹ ವಾರಪತ್ರಿಕೆಗಳ ಧಾರಾವಾಹಿಗಳು ಮತ್ತೊಂದು ಬಗೆಯ ಮಾತುಕತೆಗೆ ಅವಕಾಶ ಒದಗಿಸಿದವು. ಮುಂದಿನ ಸಂಚಿಕೆಗಾಗಿ ಕಾಯುವ ಒಂದು ವಾರದ ಬಿಡುವಿನಲ್ಲಿ ಕಥೆಯ ಗತಿಯನ್ನು ಊಹಿಸುವುದೂ ಪಾತ್ರದ ನಡೆಯನ್ನು ಖಂಡಿಸುವುದೂ ಓದಿನ ಭಾಗವೇ ಆದವು.

ಈ ಸಂದರ್ಭದಲ್ಲಿ ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಅವರ ಕಾದಂಬರಿಗಳನ್ನು ನೆನೆಯಬೇಕು. ೧೯೮೦ರ ದಶಕದಲ್ಲಿ ಇವುಗಳ ಅನುವಾದಗಳನ್ನು ಕನ್ನಡದ ಎಳೆಯ ಓದುಗರು ಅಪಾರ ಕುತೂಹಲದಿಂದ ಓದಿದರು. 'ತುಳಸಿದಳ' ೧೯೮೫ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ಗಂಭೀರ ವಿಮರ್ಶೆ ಇಂತಹ ಕೃತಿಗಳನ್ನು ಜನಪ್ರಿಯವೆಂದು ಬದಿಗಿರಿಸಿತು. ಆದರೆ ಶಾಲೆಯ ಅಂಗಳದಲ್ಲಿ ಅವುಗಳ ಬಗೆಗೆ ನಡೆದ ವಾದವಿವಾದ ವಿಮರ್ಶೆಯ ಮೊದಲ ಅಭ್ಯಾಸವಾಗಿತ್ತೆಂಬುದನ್ನು ಅಲ್ಲಗಳೆಯಲಾಗದು. ಮಾಟಮಂತ್ರವನ್ನು ನಂಬಬೇಕೆ, ಬೇಡವೆ ಎಂಬ ಪ್ರಶ್ನೆಯನ್ನು ಹದಿನಾಲ್ಕರ ಹುಡುಗನೊಬ್ಬ ಗೆಳೆಯನೊಡನೆ ಚರ್ಚಿಸುವಾಗ ಅವನು ಕಥೆಯ ಸಂಭವನೀಯತೆಯನ್ನೇ ಪರೀಕ್ಷಿಸುತ್ತಿರುತ್ತಾನೆ.

ಓದುಗರು ತಮ್ಮದಾಗಿಸಿಕೊಂಡ ಕೃತಿಗಳಲ್ಲಿ ಅತ್ಯಂತ ಸ್ಪಷ್ಟವಾದ ನಿದರ್ಶನ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (೧೯೮೦). ಹಾರುವ ಓತಿಯೊಂದನ್ನು ಅರಸಿ ಕಾಡಿಗೆ ಹೊರಡುವ ವಿಜ್ಞಾನಿ ಕರ್ವಾಲೊ, ಹಳ್ಳಿಯವರ ದೃಷ್ಟಿಯಲ್ಲಿ ಕೆಲಸಕ್ಕೆ ಬಾರದ ಮಂದಣ್ಣ, ಕಿವಿ ಎಂಬ ನಾಯಿ, ಇವರೆಲ್ಲರ ಜೊತೆಗಾರನಾದ ನಿರೂಪಕ. ಇದನ್ನು ಯಾರೂ ಕಿಶೋರ ಕಾದಂಬರಿಯೆಂದು ಪ್ರಕಟಿಸಲಿಲ್ಲ. ಆದರೂ ಹಲವು ತಲೆಮಾರಿನ ಓದುಗರು ತಮ್ಮ ಹರೆಯದ ಪುಸ್ತಕವೆಂದು ಇದನ್ನೇ ಹೆಸರಿಸುತ್ತಾರೆ. ಹಿರಿಯ ಓದುಗರು ಇದರಲ್ಲಿ ವಿಕಾಸವಾದದ ತಾತ್ತ್ವಿಕತೆಯನ್ನು ಕಂಡರೆ, ಎಳೆಯರ ಗಮನ ಮೊದಲಿಗೆ ಹರಿಯುವುದು ಮಂದಣ್ಣನ ಕಡೆಗೆ. ಸಮಾಜ ದಡ್ಡನೆಂದು ತಳ್ಳಿದವನಿಗೆ ವಿಜ್ಞಾನಿಗೂ ಇಲ್ಲದ ಒಂದು ಅರಿವು ಇರಬಲ್ಲುದೆಂಬುದು ಪರೀಕ್ಷೆಯ ಅಂಕಗಳಿಂದ ಅಳೆಯಲ್ಪಡುವ ವಯಸ್ಸಿನವರಿಗೆ ಸಣ್ಣ ಸಮಾಧಾನವಲ್ಲ.

೩

ಈ ಬಗೆಯ ಪ್ರತಿಕ್ರಿಯೆಗೆ ಶಾಸ್ತ್ರದಲ್ಲಿ ಯಾವ ಬೆಲೆ? ಭಾರತೀಯ ಕಾವ್ಯಮೀಮಾಂಸೆಯ ಸಹೃದಯನು ಕಾವ್ಯಾಭ್ಯಾಸದಿಂದ ಮನಸ್ಸಿನ ಕನ್ನಡಿಯನ್ನು ತಿಳಿಯಾಗಿಸಿಕೊಂಡವನು. ಹಾಗೆ ನೋಡಿದರೆ ಹದಿಮೂರರ ಬಾಲಕ ಸಹೃದಯನ ಪದವಿಗೆ ಅನರ್ಹನೆನಿಸಬಹುದು. ಆದರೆ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಇನ್ನೊಂದು ದಾರಿಯನ್ನೂ ತೆರೆದಿಟ್ಟಿದೆ. ವಿಧಿವತ್ತಾಗಿ ಓದದೆಯೂ ಕಾವ್ಯದ ಬಳಕೆಯಲ್ಲಿ ನಿಪುಣರಾದ ನಾಡವರನ್ನು ಅದು ಮೆಚ್ಚಿ ನುಡಿಯುತ್ತದೆ. ಕಾವ್ಯವಿವೇಕವು ಪಂಡಿತರ ಸೊತ್ತು ಮಾತ್ರವಲ್ಲವೆಂಬ ನಿಲುವು ಕನ್ನಡದ ಮೊದಲ ಲಕ್ಷಣಗ್ರಂಥದಲ್ಲಿಯೇ ಇರುವುದು ಗಮನಾರ್ಹ.

ಆಧುನಿಕರಲ್ಲಿ ಲೂಯಿಸ್ ರೋಸೆನ್‌ಬ್ಲಾಟ್ ೧೯೩೮ರಲ್ಲಿ ಪ್ರಕಟಿಸಿದ 'ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಷನ್' ಎಂಬ ಗ್ರಂಥ ವಿದ್ಯಾರ್ಥಿಗಳ ಓದನ್ನೇ ಮುಂದಿಟ್ಟುಕೊಂಡು ರೂಪುಗೊಂಡಿತು. ಕೃತಿಯ ಅರ್ಥ ಪಠ್ಯದಲ್ಲಿ ಮಾತ್ರವೇ ಇರುವುದಿಲ್ಲ, ಓದುಗರ ಮನಸ್ಸಿನಲ್ಲಿ ಮಾತ್ರವೇ ಇರುವುದೂ ಇಲ್ಲ. ಎರಡರ ಸಂಧಿಯಲ್ಲಿ ಅದು ಸಂಭವಿಸುತ್ತದೆ. ಆದುದರಿಂದ ವಿದ್ಯಾರ್ಥಿಯ ಪ್ರಾಮಾಣಿಕ ಪ್ರತಿಕ್ರಿಯೆ ಎಷ್ಟೇ ಒರಟಾಗಿದ್ದರೂ ಸಾಹಿತ್ಯ ಬೋಧನೆ ಅಲ್ಲಿಂದಲೇ ಆರಂಭವಾಗಬೇಕೆಂಬುದು ಆ ಗ್ರಂಥದ ಸಾರ. 'ಚೆನ್ನಾಗಿದೆ' ಎಂಬುದು ವಿಮರ್ಶೆಯಲ್ಲ. ಆದರೆ 'ಏಕೆ?' ಎಂಬ ಮರುಪ್ರಶ್ನೆಯೊಡನೆ ಅದು ವಿಮರ್ಶೆಯ ಕಡೆಗೆ ಹೊರಳುತ್ತದೆ. ಆ ಮರುಪ್ರಶ್ನೆಯನ್ನು ಕೇಳುವ ಇನ್ನೊಬ್ಬ ಓದುಗರು ಎದುರಿಗಿರಬೇಕು. ಹೊರನಾಡಿನ ಕನ್ನಡ ಮನೆಗಳಲ್ಲಿ ಕೊರತೆಯಾಗಿರುವುದು ಇದೇ.

೪

ಹೈದರಾಬಾದು ಕನ್ನಡಕ್ಕೆ ಪರಕೀಯವಾದ ನಗರವಲ್ಲ. ೧೯೫೬ರ ನವೆಂಬರ್ ೧ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿ. 'ಕವಿರಾಜಮಾರ್ಗ' ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಆಗ ಈ ಸಂಸ್ಥಾನದೊಳಗೇ ಇದ್ದಿತು. ಉನ್ನತ ವ್ಯಾಸಂಗಕ್ಕೂ ಉದ್ಯೋಗಕ್ಕೂ ಬಂದ ಕನ್ನಡಿಗರು ಕಾಚಿಗುಡದ ಸುತ್ತಮುತ್ತ ನೆಲೆಸಿದರು. ಅಲ್ಲಿನ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗನ ಹೆಸರಿನ ಶಾಲೆಯೂ ಆ ಬದುಕಿನ ಫಲಗಳು.

ಮಾದಾಪುರದ ಕನ್ನಡ ಸಮುದಾಯದ ಸ್ವರೂಪ ಇದಕ್ಕಿಂತ ಭಿನ್ನ. ೧೯೯೮ರಲ್ಲಿ ಸೈಬರ್ ಟವರ್ಸ್ ಕಟ್ಟಡ ಉದ್ಘಾಟನೆಯಾಗಿ ಹೈಟೆಕ್ ಸಿಟಿ ಬೆಳೆದ ಬಳಿಕ, ನಗರದ ಪಶ್ಚಿಮದ ಅಂಚಿನ ಈ ಬಂಡೆಗಲ್ಲಿನ ಊರಿಗೆ ದೇಶದ ಎಲ್ಲ ಕಡೆಗಳಿಂದ ತಂತ್ರಾಂಶ ಉದ್ಯೋಗಿಗಳು ಬಂದರು. ಇವರಲ್ಲಿ ಕನ್ನಡಿಗರೂ ಸೇರಿದ್ದಾರೆ. ಹಳೆಯ ಕಾಚಿಗುಡದಲ್ಲಿದ್ದಂತೆ ಒಂದೇ ಬೀದಿಯಲ್ಲಿ ನೆರೆದ ಕನ್ನಡ ಇಲ್ಲಿ ಕಾಣದು. ಅದು ಅಪಾರ್ಟ್‌ಮೆಂಟುಗಳ ಬಿಡಿ ಮನೆಗಳೊಳಗೆ ಹಂಚಿಹೋಗಿದೆ. ಇಂತಹ ಮನೆಯಲ್ಲಿ ಬೆಳೆಯುವ ಮಗುವಿಗೆ ಶಾಲೆಯ ಮಾಧ್ಯಮ ಸಾಮಾನ್ಯವಾಗಿ ಇಂಗ್ಲಿಷ್, ಆಟದ ಬಯಲಿನಲ್ಲಿ ತೆಲುಗು ಮತ್ತು ಹಿಂದಿ, ಮನೆಯೊಳಗೆ ಕನ್ನಡ.

ಮನೆಯ ಕನ್ನಡವು ಊಟ, ನಿದ್ದೆ, ಸ್ನಾನ, ಗದರಿಕೆ, ಮುದ್ದು ಇವುಗಳ ಸುತ್ತ ಸಮರ್ಥವಾಗಿ ನಡೆಯುತ್ತದೆ. ಮಗು ಹನ್ನೆರಡು ದಾಟಿ ನ್ಯಾಯ, ಸ್ನೇಹ, ಅನುಮಾನ, ಒಂಟಿತನಗಳನ್ನು ಕುರಿತು ಯೋಚಿಸತೊಡಗಿದಾಗ ಆ ಯೋಚನೆಗೆ ಬೇಕಾದ ಮಾತು ಮನೆಯ ಕನ್ನಡದಲ್ಲಿ ಸಿದ್ಧವಾಗಿರುವುದಿಲ್ಲ. ಆಗ ಮಗು ಇಂಗ್ಲಿಷಿಗೆ ಹೊರಳುತ್ತದೆ. ಹೀಗೆ ಭಾಷೆ ಸಾಯದಿದ್ದರೂ ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಹೊರನಾಡಿನ ಕನ್ನಡದ ಹಿನ್ನಡೆಯನ್ನು ಲಿಪಿಜ್ಞಾನದ ಅಭಾವವೆಂದು ಮಾತ್ರ ವಿವರಿಸುವುದು ರೂಢಿ. ವಾಸ್ತವವಾಗಿ ಅದು ಅಭಿಪ್ರಾಯದ ಭಾಷೆಯ ಅಭಾವವೂ ಹೌದು.

ಲಿಪಿಯ ತೊಡಕು ಹೈದರಾಬಾದಿನಲ್ಲಿ ಬೇರೆಡೆಗಿಂತ ಹಗುರ. ತೆಲಂಗಾಣವು ೨೦೧೮ರ ಕಾಯಿದೆಯ ಮೂಲಕ ಒಂದರಿಂದ ಹತ್ತನೆಯ ತರಗತಿಯವರೆಗೆ ತೆಲುಗು ಕಲಿಕೆಯನ್ನು ಹಂತ ಹಂತವಾಗಿ ಕಡ್ಡಾಯಗೊಳಿಸಿತು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಬೇರಿನಿಂದ ಕವಲೊಡೆದವು. ಗ, ಜ, ದ, ನ, ಬ, ಲ ಮೊದಲಾದ ಹಲವು ಅಕ್ಷರಗಳ ಒಡಲು ಇಂದಿಗೂ ಹೆಚ್ಚುಕಡಿಮೆ ಒಂದೇ. ಕ, ತ, ಶ, ಹ ಮುಂತಾದ ಕೆಲವನ್ನು ಮಾತ್ರ ಹೊಸದಾಗಿ ಗುರುತಿಸಬೇಕಾಗುತ್ತದೆ. 'ಕರ್ವಾಲೊ' ಎಂಬ ಶೀರ್ಷಿಕೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತೆಲುಗು ಬಲ್ಲ ಬಾಲಕಿ ಮೊದಲು ಕಕಾರದಲ್ಲಿ ತಡವರಿಸುತ್ತಾಳೆ, ಬಳಿಕ ಅರ್ಕಾವೊತ್ತಿನಲ್ಲಿ. ಇಂದಿನ ತೆಲುಗು ಬರವಣಿಗೆಯಲ್ಲಿ ರೇಫವನ್ನು ಮೊದಲು ಬರೆದು ಮುಂದಿನ ವ್ಯಂಜನವನ್ನು ಒತ್ತಾಗಿ ಕೊಡುವುದು ವಾಡಿಕೆ. ಕನ್ನಡದಲ್ಲಿ ರೇಫದ ಚಿಹ್ನೆ ವ್ಯಂಜನದ ಬಲಕ್ಕೆ ಬರುತ್ತದೆ. ಈ ಎರಡನ್ನು ಒಮ್ಮೆ ತೋರಿಸಿಕೊಟ್ಟರೆ ಶೀರ್ಷಿಕೆ ತೆರೆದುಕೊಳ್ಳುತ್ತದೆ. ಪುಣೆಯಲ್ಲೋ ದೆಹಲಿಯಲ್ಲೋ ಬೆಳೆಯುವ ಕನ್ನಡದ ಮಗುವಿಗೆ ಈ ಅನುಕೂಲವಿಲ್ಲ.

೫

ಇಷ್ಟಾದರೂ ಒಂದು ಅಂತರ ಉಳಿಯುತ್ತದೆ. ಹದಿನಾಲ್ಕರ ಹುಡುಗಿಯ ಮನಸ್ಸು ಹದಿನಾಲ್ಕರದ್ದು. ಅವಳ ಕನ್ನಡದ ಓದಿನ ವೇಗ ಎಂಟರದ್ದು. ಪುಟ್ಟ ಮಕ್ಕಳ ಕಥೆ ಅವಳಿಗೆ ಅವಮಾನವೆನಿಸುತ್ತದೆ, ದೊಡ್ಡ ಕಾದಂಬರಿ ಬೆಟ್ಟವೆನಿಸುತ್ತದೆ. ವಸ್ತುವಿನಲ್ಲಿ ಪಕ್ವತೆ, ಗಾತ್ರದಲ್ಲಿ ಮಿತಿ, ವಾಕ್ಯದಲ್ಲಿ ಸರಳತೆ ಇರುವ ಕೃತಿ ಮಾತ್ರ ಈ ಅಂತರವನ್ನು ದಾಟಿಸಬಲ್ಲುದು. ಕಿಶೋರ ಕಾದಂಬರಿಯನ್ನು ವಯಸ್ಸಿನಿಂದಲ್ಲದೆ ಈ ಅಂತರದಿಂದಲೂ ವ್ಯಾಖ್ಯಾನಿಸಬೇಕೆಂಬುದು ಹೊರನಾಡಿನ ಅನುಭವ ಕಲಿಸುವ ಪಾಠ.

ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ಇಂತಹ ಪ್ರಯತ್ನಗಳಿಗೆ ಮನ್ನಣೆ ದೊರೆತಿರುವುದು ಸಮಾಧಾನದ ಸಂಗತಿ. ಸಾಹಿತ್ಯ ಅಕಾಡೆಮಿಯು ೨೦೧೦ರಲ್ಲಿ ಬಾಲಸಾಹಿತ್ಯ ಪುರಸ್ಕಾರವನ್ನು ಆರಂಭಿಸಿತು. ೨೦೧೧ರಲ್ಲಿ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಅದನ್ನು ಪಡೆಯಿತು. ಶರಾವತಿ ಕಣಿವೆಯ ಮುಳುಗಡೆಯನ್ನು ಪ್ರೌಢ ಕಾದಂಬರಿಗಳಲ್ಲಿ ಚಿತ್ರಿಸಿದ ಲೇಖಕರು ಎಳೆಯರ ಮುಂದೆಯೂ ಮುಳುಗಡೆಯ ಊರನ್ನು ತಂದರು. ಮುಂದೆ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' (೨೦೨೧), ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ' (೨೦೨೨), ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್' (೨೦೨೩) ಹೀಗೆ ಸತತ ಮೂರು ವರ್ಷ ಕಾದಂಬರಿಗಳಿಗೇ ಈ ಗೌರವ ಸಂದಿತು. ಧಾರವಾಡ, ಉತ್ತರ ಕನ್ನಡ, ಕುಂದಾಪುರ ಸೀಮೆಗಳ ಹಿನ್ನೆಲೆಯಿಂದ ಬಂದ ಈ ಲೇಖಕರನ್ನು ಒಟ್ಟಿಗೆ ಓದಿದರೆ ಕನ್ನಡವು ಒಂದೇ ಬಗೆಯ ನುಡಿಯಲ್ಲವೆಂಬ ಅರಿವೂ ಎಳೆಯರಿಗಾಗುತ್ತದೆ.

ಇಂತಹ ಪುಸ್ತಕವನ್ನು ಮಗುವಿನ ಕೈಗಿತ್ತು ಸುಮ್ಮನಾದರೆ ಸಾಲದು. ಮನೆಯಲ್ಲಿ ಇನ್ನೊಬ್ಬರು ಅದನ್ನೇ ಓದುತ್ತಿರಬೇಕು. ಕಲಬುರಗಿ ಕಡೆಯ ಮನೆಯಾದರೆ ಮುತ್ಯಾನೋ ಆಯಿಯೋ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಬಹುದು, ಮೊಮ್ಮಗಳು ಮುಂದಿನ ಅಧ್ಯಾಯವನ್ನು ತಡವರಿಸುತ್ತಲೇ ಓದಬಹುದು. ತರುವಾಯದ ಮಾತು ಮುಖ್ಯವಾದುದು. 'ಆ ಹುಡುಗ ಓಡಿಹೋದದ್ದು ಸರಿಯೆ?' ಎಂದು ಹಿರಿಯರು ಕೇಳಿದಾಗ ಮಗು ಉತ್ತರಕ್ಕಾಗಿ ಕನ್ನಡದಲ್ಲಿಯೇ ತಡಕಾಡಬೇಕಾಗುತ್ತದೆ. ಸಿಗದ ಪದಕ್ಕೆ ಇಂಗ್ಲಿಷ್ ಬಳಸಿದರೆ ತಪ್ಪೇನೂ ಇಲ್ಲ. ಆ ಪದದ ಪಕ್ಕದಲ್ಲಿ ಹಿರಿಯರು ಕನ್ನಡದ ಪದವೊಂದನ್ನು ಇರಿಸಿದರೆ ಸಾಕು. 'ನಂಬಲಾಗಲಿಲ್ಲ', 'ಅನ್ಯಾಯ', 'ಹೊಟ್ಟೆಕಿಚ್ಚು', 'ಪಶ್ಚಾತ್ತಾಪ' ಇವೆಲ್ಲ ನಿಘಂಟಿನಿಂದಲ್ಲ, ಇಂತಹ ಜಗ್ಗಾಟದಿಂದಲೇ ನಾಲಗೆಗೆ ಬರುತ್ತವೆ. ಹಿರಿಯರು ತಮ್ಮ ಅಭಿಪ್ರಾಯವನ್ನು ತೀರ್ಪಿನಂತೆ ಹೇರದಿರುವುದೂ ಅಷ್ಟೇ ಅಗತ್ಯ. ಪುಸ್ತಕ ಬೇಸರವೆನಿಸಿತೆಂದು ಹೇಳುವ ಸ್ವಾತಂತ್ರ್ಯವಿಲ್ಲದ ಓದುಗ ಮೆಚ್ಚಿಕೊಂಡದ್ದಕ್ಕೂ ಬೆಲೆಯಿರುವುದಿಲ್ಲ.

ಕನ್ನಡ ಅಧ್ಯಯನ ವಿಭಾಗಗಳಿಗೆ ಇಲ್ಲಿ ಮಾಡಬೇಕಾದ ಕೆಲಸವಿದೆ. ಪ್ರಕಟಿತ ವಿಮರ್ಶೆಯನ್ನು ಸಂಗ್ರಹಿಸಿದಷ್ಟು ಆಸ್ಥೆಯಿಂದ ಎಳೆಯ ಓದುಗರ ಮಾತನ್ನು ಸಂಗ್ರಹಿಸಿದರೆ, ಕಿಶೋರ ಕಾದಂಬರಿಯ ಲಕ್ಷಣಗಳನ್ನು ಊಹೆಯಿಂದಲ್ಲದೆ ಆಧಾರದಿಂದ ನಿರೂಪಿಸಲು ಸಾಧ್ಯವಾದೀತು. ಯಾವ ಪುಟದಲ್ಲಿ ಓದು ನಿಂತಿತು, ಯಾವ ಪದ ತಡೆಯಿತು, ಯಾವ ಪಾತ್ರದ ಪರವಾಗಿ ಜಗಳವಾಯಿತು ಎಂಬ ವಿವರಗಳು ಲೇಖಕರಿಗೂ ಪಠ್ಯಪುಸ್ತಕ ರಚಿಸುವವರಿಗೂ ಸಮಾನವಾಗಿ ಉಪಯುಕ್ತ. ಮಾದಾಪುರದ ಮನೆಯೊಂದರಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ಮಂದಣ್ಣನ ಪರವಾಗಿ ಕನ್ನಡದಲ್ಲಿಯೇ ವಾದಿಸಿದ ದಿನ, ಅಲ್ಲಿನ ಕನ್ನಡವು ಊಟದ ಮಾತನ್ನು ದಾಟಿ ವಿಚಾರದ ಮಾತಾಗಿರುತ್ತದೆ.