ಒಂದು ‘ಅಂತ’ದ ಹೊಣೆ: ಕಲಬುರಗಿ ಸೀಮೆಯ ಗೆಳೆತನದ ಹರಟೆಯಲ್ಲಿ ಮನೆಸುದ್ದಿ ಮತ್ತು ಆರೋಗ್ಯಸುದ್ದಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳ ಕನ್ನಡದಲ್ಲಿ ಕಾಯಿಲೆ ಬಿದ್ದವರ ವಿಚಾರಣೆ ಹೆಚ್ಚಾಗಿ ‘ಏನಂತ?’ ಎಂಬ ಒಂದೇ ಪದದಿಂದ ಮೊದಲಾಗುತ್ತದೆ. ದವಾಖಾನೆಯಿಂದ ಬಂದ ಸುದ್ದಿ ಏನು, ಯಾರು ಏನು ಹೇಳಿದರು ಎಂಬುದೆಲ್ಲ ಆ ಪ್ರಶ್ನೆಯಲ್ಲಿ ಅಡಗಿದೆ. ಉತ್ತರದ ತುದಿಯಲ್ಲಿಯೂ ಬಹುಮಟ್ಟಿಗೆ ಅದೇ ‘ಅಂತ’ ಬಂದು ಕೂರುತ್ತದೆ. ಮಾತನಾಡುವವರು ತಾವು ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸುವುದು ಈ ಪುಟ್ಟ ರೂಪದಿಂದ. ಮುಖಾಮುಖಿ ಮಾತಿನಲ್ಲಿ ದೃಢವಾಗಿ ನಿಲ್ಲುವ ಈ ಭೇದವು ಗೆಳೆಯ ಗೆಳತಿಯರು ವಾಟ್ಸ್‌ಆ್ಯಪ್‌ನಲ್ಲಿ ಮನೆಯ ಸುದ್ದಿ ಬರೆದು ಕಳಿಸುವಾಗ ಏಕೆ ಸಡಿಲಗೊಳ್ಳುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಕೊಟ್ಟಿರುವ ವಾಕ್ಯಗಳೆಲ್ಲ ವಿವರಣೆಗಾಗಿ ರಚಿಸಿಕೊಂಡವು. ಯಾರ ಖಾಸಗಿ ಸಂದೇಶದಿಂದಲೂ ಎತ್ತಿದವಲ್ಲ.

ಮೊದಲು ಧ್ವನಿಯ ಸಂಗತಿ. ಶಿಷ್ಟ ಆಡುಗನ್ನಡದಲ್ಲಿ ‘ಅಂತ’ ಮತ್ತು ‘ಅಂತೆ’ ಎರಡು ಬೇರೆ ರೂಪಗಳು. ಮೊದಲನೆಯದು ಉದ್ಧರಣವಾಚಿ: ಬರವಣಿಗೆಯ ‘ಎಂದು’ ಮಾಡುವ ಕೆಲಸವನ್ನು ಮಾಡುತ್ತದೆ, ಅದರ ಬೆನ್ನಿಗೆ ಹೇಳು, ಕೇಳು, ತಿಳಿ ಮುಂತಾದ ಕ್ರಿಯಾಪದವೊಂದು ಬೇಕು. ಎರಡನೆಯದು ವದಂತಿವಾಚಿ: ವಾಕ್ಯವನ್ನು ಮುಗಿಸಿ, ‘ಇದು ನನ್ನ ಸ್ವಂತ ಅರಿವಲ್ಲ, ಕೇಳಿದ ಮಾತು’ ಎಂದು ಸೂಚಿಸುತ್ತದೆ. ಉತ್ತರದ ಉಪಭಾಷೆಗಳಲ್ಲಿ ಕ್ರಿಯಾರೂಪಗಳ ಪದಾಂತ್ಯದ ಎಕಾರವು ಅಕಾರವಾಗುವುದು ಪರಿಚಿತ ನಿಯಮ: ಬರ್ತಾನೆ ಎಂಬುದು ಬರ್ತಾನ, ಇದ್ದಾರೆ ಎಂಬುದು ಇದ್ದಾರ. ಅದೇ ನಿಯಮದಂತೆ ‘ಅಂತೆ’ಯೂ ‘ಅಂತ’ವಾಗಿ, ಎರಡು ರೂಪಗಳು ಒಂದಾಗಿವೆ.

(1) ಮುತ್ಯಾಗ ಆರಾಮ ಇಲ್ಲಂತ.
‘ಅಜ್ಜನಿಗೆ ಹುಷಾರಿಲ್ಲವಂತೆ.’

(2) ಮುತ್ಯಾಗ ಆರಾಮ ಇಲ್ಲಂತ ಅಕ್ಕ ಹೇಳ್ಯಾಳ.
‘ಅಜ್ಜನಿಗೆ ಹುಷಾರಿಲ್ಲ ಎಂದು ಅಕ್ಕ ಹೇಳಿದ್ದಾಳೆ.’

(1)ರಲ್ಲಿ ಸುದ್ದಿಯ ಮೂಲ ಅನಾಮಿಕ. (2)ರಲ್ಲಿ ಅಕ್ಕನೇ ಹೊಣೆ. ಆಡುವಾಗ ಇವೆರಡರ ನಡುವೆ ಗೊಂದಲ ಹುಟ್ಟುವುದು ಅಪರೂಪ. (1)ರ ‘ಅಂತ’ದಲ್ಲಿ ಸ್ವರ ಇಳಿದು ವಾಕ್ಯ ಮುಗಿಯುತ್ತದೆ, (2)ರಲ್ಲಿ ಅದು ಇಳಿಯದೆ ಮುಂದಿನ ಮಾತಿಗೆ ತೆರೆದಿರುತ್ತದೆ. ಪುರುಷಪ್ರತ್ಯಯವೂ ಒಮ್ಮೊಮ್ಮೆ ನೆರವಿಗೆ ಬರುತ್ತದೆ. ‘ನಾಳಿ ಬರ್ತೀನಂತ’ ಎಂದಾಗ ಉತ್ತಮಪುರುಷವು ಮೂಲ ಆಡುಗನ ಮಾತನ್ನೇ ಎತ್ತಿ ಕೊಡುತ್ತದೆ. ‘ನಾಳಿ ಬರ್ತಾನಂತ’ ಎಂದಾಗ ಆ ಸುಳಿವು ಇಲ್ಲ. ಆರೋಗ್ಯಸುದ್ದಿಯ ತೊಡಕು ಇರುವುದು ಇಲ್ಲಿಯೇ: ರೋಗಿ ಯಾವಾಗಲೂ ಮೂರನೆಯವನು. ಪ್ರಥಮಪುರುಷದ ವಾಕ್ಯದಲ್ಲಿ ವ್ಯಾಕರಣ ಕೈಬಿಡುತ್ತದೆ, ಉಳಿಯುವುದು ಸ್ವರಭಾರ ಮಾತ್ರ.

ಇನ್ನೊಂದು ನೆರವೂ ಉಂಟು. ಹಿರಿಯರೊಡನೆ ಮಾತನಾಡುವಾಗ ವಾಕ್ಯಾಂತ್ಯಕ್ಕೆ ‘ರಿ’ ಸೇರುತ್ತದೆ: ‘ಆರಾಮ ಇಲ್ಲಂತ್ರಿ’. ಈ ‘ರಿ’ ವಾಕ್ಯಕ್ಕೆ ಬೀಗ ಹಾಕುವುದರಿಂದ ‘ಅಂತ’ ಇಲ್ಲಿ ವದಂತಿವಾಚಿ ಎಂಬುದು ಖಚಿತವಾಗುತ್ತದೆ. ಗೆಳತಿಯರ ನಡುವೆ ‘ರಿ’ ಇಲ್ಲ. ಆ ಜಾಗದಲ್ಲಿ ‘ಇಲ್ಲಂತವಾ’ ಎಂಬಂಥ ಸಂಬೋಧನೆ ಬೀಗದ ಕೆಲಸ ಮಾಡುತ್ತದೆ. ಬೆರಳಿನಿಂದ ಬರೆಯುವಾಗ ಮೊದಲು ಉದುರಿಹೋಗುವುದು ಈ ‘ಅವಾ’, ‘ಯಪ್ಪಾ’, ‘ಲೇ’ಗಳೇ. ಹೀಗಾಗಿ ಅತ್ಯಂತ ಆಪ್ತರ ನಡುವಿನ ಸಂದೇಶವೇ ಅತ್ಯಂತ ಅಸ್ಪಷ್ಟವಾಗುವ ವಿಚಿತ್ರ ಸನ್ನಿವೇಶ ಉಂಟಾಗುತ್ತದೆ. ಮರ್ಯಾದೆಯ ಪ್ರತ್ಯಯವೊಂದು ಆಧಾರಸೂಚಿಗೆ ಕಾವಲಾಗಿರುವ ಈ ಸಂಗತಿಯನ್ನು ನಮ್ಮ ವ್ಯಾಕರಣಗಳು ಗಮನಿಸಿದ್ದರೆ ಚೆನ್ನಾಗಿತ್ತು.

ನೆರೆಯ ನುಡಿಗಳನ್ನು ನೋಡಿದರೆ ಈ ವಿಲೀನದ ವಿಶೇಷ ಇನ್ನಷ್ಟು ಸ್ಪಷ್ಟವಾಗುತ್ತದೆ. ಸೇಡಂ ಮತ್ತು ಚಿಂಚೋಳಿಯ ಪೂರ್ವದ ಅಂಚು ತೆಲಂಗಾಣಕ್ಕೆ ತಾಗಿದೆ. ತಾಂಡೂರಿನೊಡನೆ ಸಂತೆ ಮತ್ತು ನೆಂಟಸ್ತಿಕೆ ಇಟ್ಟುಕೊಂಡ ಮನೆಗಳಲ್ಲಿ ತೆಲುಗು ಸಹಜ. ತೆಲುಗಿನಲ್ಲಿ ವದಂತಿಗೆ ‘ಅಟ’, ಉದ್ಧರಣಕ್ಕೆ ‘ಅನಿ’: ‘ತಾತಕು ಬಾಗಾ ಲೇದಟ’, ಆದರೆ ‘ತಾತಕು ಬಾಗಾ ಲೇದನಿ ಅಕ್ಕ ಚೆಪ್ಪಿಂದಿ’. ದಖ್ಖನಿಯಲ್ಲಿ ವದಂತಿಗೆ ‘ಕತೆ’, ಉದ್ಧರಣಕ್ಕೆ ‘ಬೋಲ್ಕೆ’. ಮರಾಠಿಯಲ್ಲಿ ವಾಕ್ಯದ ತುದಿಗೆ ‘ಮ್ಹಣೇ’ ಬಂದರೆ ಅದು ವದಂತಿ. ಉದ್ಧರಣಕ್ಕೆ ಬೇರೆ ರೂಪಗಳಿವೆ. ಕೇಳಿದ ಮಾತಿಗೆ ವಾಕ್ಯಾಂತ್ಯದಲ್ಲಿ ಗುರುತು ಹಾಕುವುದು ಇಡೀ ಪ್ರದೇಶದ ಸಮಾನ ಲಕ್ಷಣ. ಆದರೆ ಈ ನಾಲ್ಕರಲ್ಲಿ ಎರಡೂ ಕೆಲಸಗಳಿಗೆ ಒಂದೇ ರೂಪ ಉಳಿಸಿಕೊಂಡದ್ದು ಇಲ್ಲಿಯ ಕನ್ನಡ. ಮೂರು ನುಡಿ ಬಲ್ಲ ಸೇಡಮ್ಮಿನ ಗೃಹಿಣಿ ತನ್ನ ತೆಲುಗು ಮತ್ತು ದಖ್ಖನಿಯ ಸಂದೇಶಗಳಲ್ಲಿ ಪ್ರಯತ್ನವಿಲ್ಲದೆ ಕಾಯ್ದುಕೊಳ್ಳುವ ಭೇದವನ್ನು ಕನ್ನಡದ ಸಂದೇಶದಲ್ಲಿ ಮಾತ್ರ ಬೇರೆ ಉಪಾಯದಿಂದ ಕಟ್ಟಿಕೊಳ್ಳಬೇಕಾಗುತ್ತದೆ.

ಬರಹದ ರೂಢಿಯೂ ತೊಡಕನ್ನು ಹೆಚ್ಚಿಸುತ್ತದೆ. ಹರಟೆಯ ಪರದೆಯಲ್ಲಿ ಪೂರ್ಣವಿರಾಮ ಬಳಸುವವರು ಕಡಿಮೆ. ಒಂದು ವಾಕ್ಯ ಎರಡು ಮೂರು ತುಣುಕುಗಳಾಗಿ ಹೋಗುತ್ತದೆ. ‘ಅಡ್ಮಿಟ್ ಮಾಡ್ಯಾರಂತ’ ಎಂಬುದು ಒಂದು ತುಣುಕು, ‘ಅಕ್ಕ ಫೋನ್ ಮಾಡಿದ್ಳು’ ಎಂಬುದು ಮುಂದಿನದು. ಸುದ್ದಿ ಅಕ್ಕನದೋ, ಅಥವಾ ಊರಮಾತನ್ನು ಕೇಳಿದ ಮೇಲೆ ಅಕ್ಕ ಗಾಬರಿಯಿಂದ ಫೋನ್ ಮಾಡಿದಳೋ? ಮೊದಲ ತುಣುಕನ್ನಷ್ಟೇ ಮತ್ತೊಂದು ಗುಂಪಿಗೆ ಸಾಗಿಸಿದರೆ ಅಕ್ಕ ಕಾಣೆಯಾಗುತ್ತಾಳೆ, ‘ಅಂತ’ ಮಾತ್ರ ಉಳಿಯುತ್ತದೆ. ಅದನ್ನು ಮರಳಿ ಬರೆಯುವ ಮೂರನೆಯವರು ‘ಅಡ್ಮಿಟ್ ಮಾಡ್ಯಾರ’ ಎಂದು ಬರೆದರೆ ಅದೂ ಉಳಿಯುವುದಿಲ್ಲ.

ಈ ಸೀಮೆಯ ಹೊರಗಿರುವ ಬಂಧುಗಳಿಗೆ ಮತ್ತೊಂದು ಅಡ್ಡಿ. ‘ಬಂದಾನ’ ಎಂದರೆ ಇಲ್ಲಿ ‘ಬಂದಿದ್ದಾನೆ’. ದಕ್ಷಿಣದ ಕಿವಿಗೆ ಅದು ‘ಬಂದಾನು’ ಎಂಬ ಸಂಭಾವನಾರ್ಥಕ್ಕೆ ಹತ್ತಿರ. ‘ಜ್ವರ ಬಂದಾವ’ ಎಂಬ ಬಹುವಚನವನ್ನು ಬೆಂಗಳೂರಿನಲ್ಲಿ ಬೆಳೆದ ಮೊಮ್ಮಗಳು ಬೆರಗಿನಿಂದ ಓದುತ್ತಾಳೆ. ‘ಬ್ಯಾನಿ’ ರೋಗವೂ ಹೌದು, ಹೆರಿಗೆಯ ನೋವೂ ಹೌದು. ಮೊಬೈಲಿನ ಕೀಲಿಮಣೆ ಇಂಥ ರೂಪಗಳ ಬದಲು ಶಿಷ್ಟ ರೂಪಗಳನ್ನೇ ಮುಂದೊಡ್ಡುವುದು ಸಾಮಾನ್ಯ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ, ‘ಕವಿರಾಜಮಾರ್ಗ’ದ ಕಾಲದ ಮಾನ್ಯಖೇಟವು ಇಂದಿನ ಸೇಡಂ ತಾಲ್ಲೂಕಿನ ಮಳಖೇಡ, ಅದೇ ನೆಲದ ಮಾತು ಈಗ ಕಾಗುಣಿತದ ತಪ್ಪಾಗಿ ತೋರುತ್ತದೆ.

ಇದು ಬರಿಯ ವ್ಯಾಕರಣದ ಕುತೂಹಲವಲ್ಲ ಎಂಬುದನ್ನು 2020 ತೋರಿಸಿತು. ಆ ವರ್ಷದ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ಕಲಬುರಗಿಯಿಂದ. ಕೆಲವೇ ದಿನಗಳಲ್ಲಿ ಲಾಕ್‌ಡೌನ್ ಬಂತು. ಪುಣೆ, ಮುಂಬೈ, ಹೈದರಾಬಾದುಗಳಿಂದ ವಾಡಿ ಜಂಕ್ಷನ್ನಿಗೆ ಬಂದಿಳಿಯುತ್ತಿದ್ದ ದುಡಿಯುವ ಮಕ್ಕಳಿಗೆ ರೈಲು ಇಲ್ಲವಾಗಿ, ದವಾಖಾನೆಯ ಬಾಗಿಲಲ್ಲಿ ನಿಂತು ಕೇಳುವ ದಾರಿಯೂ ಮುಚ್ಚಿತು; ಮನೆಯ ಸುದ್ದಿಗೆ ಉಳಿದದ್ದು ಫೋನ್ ಒಂದೇ. ಸಾಮಾನ್ಯ ದಿನಗಳಲ್ಲಿಯೂ ‘ತೀರಿಕೊಂಡಾರಂತ, ನಾಳಿ ಮಣ್ಣು’ ಎಂಬ ಸಂದೇಶ ಓದಿದವರು ರಾತ್ರೋರಾತ್ರಿ ಹೊರಡಬೇಕು. ಆ ‘ಅಂತ’ದ ಹಿಂದೆ ಯಾರಿದ್ದಾರೆ ಎಂಬುದರ ಮೇಲೆ ಒಂದು ಪ್ರಯಾಣ, ಒಂದು ದಿನದ ಕೂಲಿ, ಒಂದು ಮನೆಯ ಅಳು ನಿಂತಿರುತ್ತವೆ.

ವಾಟ್ಸ್‌ಆ್ಯಪ್ 2018ರಲ್ಲಿ ಸಾಗಹಾಕಿದ ಸಂದೇಶಗಳಿಗೆ ‘ಫಾರ್ವರ್ಡೆಡ್’ ಎಂಬ ಗುರುತು ಹಚ್ಚಿ, ಭಾರತದಲ್ಲಿ ಒಮ್ಮೆಗೆ ಐದು ಹರಟೆಗಳ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಸಾಗಿಬಂದ ಸಂದೇಶಕ್ಕೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಇದನ್ನು ಯಂತ್ರ ಹಚ್ಚುವ ವದಂತಿವಾಚಿ ಎಂದು ಕರೆಯಬಹುದೇನೋ. ಆದರೆ ಅದು ಗುರುತಿಸುವುದು ಅಕ್ಷರಗಳ ಪಯಣವನ್ನು, ಅರಿವಿನ ಮೂಲವನ್ನಲ್ಲ. ಕಣ್ಣಾರೆ ಕಂಡ ಮಗನ ಸಂದೇಶವನ್ನು ತಾಯಿ ಸಾಗಿಸಿದರೂ ಅದೇ ಗುರುತು ಬೀಳುತ್ತದೆ; ಊರಮಾತನ್ನು ಹೊಸದಾಗಿ ಬರೆದರೆ ಯಾವ ಗುರುತೂ ಇಲ್ಲ.

ಆಡುಗರು ಕಂಡುಕೊಂಡ ಉಪಾಯಗಳು ಇದಕ್ಕಿಂತ ಸೂಕ್ಷ್ಮವಾಗಿವೆ. ‘ಅಂತಾರ’ ಎಂಬ ಪೂರ್ಣ ಕ್ರಿಯಾರೂಪ, ‘ಡಾಕ್ಟರ್ ಹೇಳ್ಯಾರ’ ಎಂಬಂತೆ ಮೂಲವನ್ನು ವಾಕ್ಯದ ಮೊದಲಿಗೇ ತರುವುದು, ‘ಖರೇನ? ಯಾರ್ ಹೇಳ್ಯಾರ?’ ಎಂಬ ಮರುಪ್ರಶ್ನೆ ಇವುಗಳಲ್ಲಿ ಕೆಲವು. ಎಲ್ಲಕ್ಕಿಂತ ಮುಖ್ಯವಾದುದು ಧ್ವನಿಸಂದೇಶ. ಬರೆಯಲು ಬಾರದವರ ಅಥವಾ ಬೇಸರಪಡುವವರ ಆಸರೆ ಎಂದು ಅದನ್ನು ಕಡೆಗಣಿಸುವುದುಂಟು. ಬರವಣಿಗೆ ಬಲ್ಲವರೂ ಮನೆಯ ಕಾಯಿಲೆಯ ಮಾತು ಬಂದೊಡನೆ ಧ್ವನಿಗೆ ಹೊರಳುವುದಕ್ಕೆ ಭಾಷಿಕ ಕಾರಣವಿದೆ ಎಂಬುದು ನನ್ನ ಅಭಿಪ್ರಾಯ: ಸ್ವರದ ಇಳಿತವೂ ‘ಇಲ್ಲಂತವಾ’ ಎಂಬ ಸಂಬೋಧನೆಯೂ ಅಲ್ಲಿ ಮರಳಿ ದೊರೆಯುತ್ತವೆ.

ಆರ್. ಮಹಾದೇವನ್ ಅವರ ಗುಲ್ಬರ್ಗಾ ಕನ್ನಡದ ವಿವರಣೆ (1968) ಧ್ವನಿ ಮತ್ತು ಪದಕೋಶಕ್ಕೆ ಒತ್ತು ಕೊಟ್ಟಿತು, ಯು. ಪಿ. ಉಪಾಧ್ಯಾಯರ ತೌಲನಿಕ ಅಧ್ಯಯನ (1976) ಗುಲ್ಬರ್ಗಾವನ್ನು ಬಳ್ಳಾರಿ, ಕುಮಟಾ, ನಂಜನಗೂಡುಗಳ ಜೊತೆಗಿಟ್ಟಿತು. ಈಗ ಉಪಭಾಷೆಯ ಪಠ್ಯಕೋಶ ಕಟ್ಟುವವರು ಹರಟೆಯ ಬರಹವನ್ನು ಬಳಸುವುದಾದರೆ, ಅನುಮತಿ ಪಡೆದು ಹೆಸರುಗಳನ್ನು ಅಳಿಸಿದ ಮೇಲೂ, ಒಂದು ಎಚ್ಚರ ಬೇಕು. ‘ಅಂತ’ವನ್ನು ಶಿಷ್ಟಗೊಳಿಸಿ ‘ಅಂತೆ’ ಎಂದು ತಿದ್ದುವುದು ಸಂಕಲನಕಾರನ ಊಹೆಯನ್ನು ಆಡುಗನ ಬಾಯಿಗೆ ತುರುಕಿದಂತೆ. ಎರಡು ಗುರುತುಪಟ್ಟಿಗಳ ಜೊತೆಗೆ ‘ಅನಿರ್ಣೀತ’ ಎಂಬ ಮೂರನೆಯದೂ ಇರಲಿ; ‘ಅಡ್ಮಿಟ್ ಮಾಡ್ಯಾರಂತ’ ಎಂಬ ಆ ಒಂಟಿ ತುಣುಕು ಸೇರಬೇಕಾದದ್ದು ಅಲ್ಲಿಗೆ.