ಕಬ್ಬಿಣದ ನೆಲದಲ್ಲಿ ಕಬ್ಬಿಣಕ್ಕೇ ಬರ

ಯಲಹಂಕದ ಹೊಸ ಬಡಾವಣೆಗಳಲ್ಲಿ ಕಾಂಪೌಂಡಿಗೆ ಒತ್ತಿ ನೆಟ್ಟ ಕೇಪಳದ ಗಿಡಗಳು ಆಗಾಗ ಬಿಳಿಚಿಕೊಳ್ಳುತ್ತವೆ. ಹಳೆಯ ಎಲೆ ಹಸಿರಾಗಿಯೇ ಇರುತ್ತದೆ. ಚಿಗುರು ಹಳದಿ, ಅದರ ನರಗಳಷ್ಟೇ ಹಸಿರು. ಇದು ಕಬ್ಬಿಣದ ಕೊರತೆಯ ಗುರುತು. ಆದರೆ ಇಲ್ಲಿನ ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ! ನೆಲದಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ಯಾವ ರೂಪದಲ್ಲಿದೆ ಎನ್ನುವುದು ಬೇರಿಗೆ ಮುಖ್ಯ. ಮಣ್ಣಿನ ರಸಸಾರ ಒಂದು ಅಂಕ ಏರಿದರೆ ನೀರಿನಲ್ಲಿ ಕರಗಿರುವ ಫೆರಿಕ್ ಕಬ್ಬಿಣ ಸುಮಾರು 1000 ಪಟ್ಟು ಇಳಿಯುತ್ತದೆ. ಬೆಂಗಳೂರಿನ ಕೆಂಪು ಮಣ್ಣು ಸಹಜವಾಗಿ ತುಸು ಆಮ್ಲೀಯ. ಅದಕ್ಕೆ ಒಡೆದ ಗಾರೆ, ಸಿಮೆಂಟ್ ಪುಡಿ ಬೆರೆತು, ಮೇಲೆ ಬೋರ್‌ವೆಲ್ಲಿನ ಗಡಸು ನೀರು ವರ್ಷಗಟ್ಟಲೆ ಬಿದ್ದರೆ ರಸಸಾರ 8ರ ಸುತ್ತ ಬಂದು ನಿಲ್ಲಬಹುದು. ಥಾರ್ ಮರುಭೂಮಿಯ ಎಷ್ಟೋ ಮಣ್ಣಿನ ಪಾಡೂ ಇದೇ. ಅಲ್ಲಿ ಸುಣ್ಣವನ್ನು ತೊಳೆದು ಒಯ್ಯುವಷ್ಟು ಮಳೆ ಇಲ್ಲ.

ಮರಳುಗಾಡಿನ ಗಿಡಕ್ಕೆ ನೀರಿನದೇ ಚಿಂತೆ, ರಸಾಯನದ ಮಾತೇಕೆ ಎನ್ನಬಹುದು. ಅರ್ಧ ನಿಜ. ಮಣ್ಣಿನ ಕಣಗಳಿಗೆ ಅಂಟಿದ ತೇವದ ಪದರದಲ್ಲೇ ಪೋಷಕಾಂಶ ಬೇರಿನತ್ತ ಸರಿಯಬೇಕು. ಆದರೆ ದಿನವೂ ನೀರು ಕುಡಿಯುವ ಯಲಹಂಕದ ಕೇಪಳ ಹಳದಿಯಾಗುವುದೇಕೆ? ಒಣಭೂಮಿಯಲ್ಲಿ ಬೆಳೆಯುವ ಸಜ್ಜೆ, ರಾಗಿಯಂಥ ಹುಲ್ಲಿನ ಜಾತಿಗಳು ಬೇರಿನಿಂದ ವಿಶೇಷ ಸಂಯುಕ್ತಗಳನ್ನು ಸ್ರವಿಸಿ, ಕಬ್ಬಿಣವನ್ನು ಹಿಡಿದು ಒಳಗೆಳೆಯುತ್ತವೆ. ಕೇಪಳಕ್ಕೆ ಆ ಉಪಾಯ ಗೊತ್ತಿಲ್ಲ.

ಹಾಗೆಂದು ಆಮ್ಲೀಯತೆ ಹೆಚ್ಚಿದಷ್ಟೂ ಒಳ್ಳೆಯದೇನಲ್ಲ. ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾಲಯದ ಆವರಣ ಜಿ.ಕೆ.ವಿ.ಕೆ.ಯಲ್ಲಿ 1986ರಿಂದ ನಡೆದಿರುವ ರಾಗಿ–ಮುಸುಕಿನ ಜೋಳದ ದೀರ್ಘಾವಧಿ ಗೊಬ್ಬರ ಪ್ರಯೋಗದಲ್ಲಿ, ಸಾರಜನಕ ಗೊಬ್ಬರವನ್ನಷ್ಟೇ ಸುರಿದ ತಾಕುಗಳು ಹುಳಿಯೇರಿ ಇಳುವರಿ ಕುಸಿಯಿತು. ಸಮತೋಲಿತ ಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ ಅಥವಾ ಸುಣ್ಣ ಕಂಡ ತಾಕುಗಳು ಫಸಲು ಉಳಿಸಿಕೊಂಡವು. ರಂಜಕದ್ದಂತೂ ಎರಡೂ ಕಡೆ ಸೆರೆವಾಸ: ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಕಟ್ಟಿಹಾಕಿದರೆ, ಸುಣ್ಣದ ಮಣ್ಣಿನಲ್ಲಿ ಕ್ಯಾಲ್ಸಿಯಂ. ಅಂದಮೇಲೆ ಹೊಲಕ್ಕೆ ಹೊಂದಿದ ಸುಣ್ಣವನ್ನು ಕಾಂಪೌಂಡಿನ ಗಿಡಕ್ಕೂ ಹಾಕಿದರೆ ಕೆಡುಕೇ.

ನರ್ಸರಿಯವರು ಕೊಡುವ ಫೆರಸ್ ಸಲ್ಫೇಟ್ ಸಾಲದೇ? ಸುಣ್ಣದ ಮಣ್ಣಿಗೆ ಬರಿದೇ ಸುರಿದರೆ ಅದು ಬೇಗನೆ ತುಕ್ಕಾಗಿ ಕೂರುತ್ತದೆ. ಎಲೆಗೆ ಸಿಂಪಡಿಸಿದರೆ ಆ ಎಲೆಗಳು ಹಸಿರಾದಾವು, ಮುಂದಿನ ಚಿಗುರು ಮತ್ತೆ ಹಳದಿ. ಮೊದಲು ರಸಸಾರ ಅಳೆಸಿ, ಗುಂಡಿಯಲ್ಲಿರುವ ಗಾರೆಯ ಚೂರನ್ನು ಹೊರಹಾಕಿ, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ ಕೆಮ್ಮಣ್ಣು ತುಂಬುವುದು ಅಗ್ಗದ ದಾರಿ.